ಬಡತನ ಮತ್ತು ಮನೆಯ ವಾತಾವರಣ ಮಕ್ಕಳ ಓದಿನ ಮೇಲೆ ನಿಜಕ್ಕೂ ಅಷ್ಟು ಪರಿಣಾಮ ಬೀರುತ್ತಾ?

ಬೀರುತ್ತದೆ, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಹಾಗಂತ ಬಡವರ ಮಕ್ಕಳಿಗೆ ತಲೆ ಓಡುವುದಿಲ್ಲ ಅನ್ನುವುದು ಶುದ್ಧ ಸುಳ್ಳು.

ಬೆಂಗಳೂರಿನಲ್ಲೇ ನೋಡಿ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಎಷ್ಟೋ ಮಂದಿ ಸೈಟಿನ ಪಕ್ಕದ ತಗಡಿನ ಶೆಡ್‌ನಲ್ಲಿರುತ್ತಾರೆ. ಒಂದೇ ಕೋಣೆ, ಒಂದೇ ಬಲ್ಬು. ಅಪ್ಪ ಅಮ್ಮ ಗಾರೆ ಕೆಲಸಕ್ಕೆ ಹೋದರೆ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ನಿಲ್ಲುವುದು ಐದನೇ ಕ್ಲಾಸಿನ ಹುಡುಗಿ. ಕಟ್ಟಡ ಮುಗಿದರೆ ಬೇರೆ ಏರಿಯಾ, ಬೇರೆ ಶಾಲೆ. ಹೀಗಾದರೆ ಭಾಗಾಕಾರ ಕಲಿಯುವುದು ಯಾವಾಗ?

ಹಸಿವಿಗೆ ಸರ್ಕಾರಿ ಶಾಲೆಯ ಬಿಸಿಯೂಟ ಇದೆ, 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಉಚಿತ ಶಿಕ್ಷಣ ಕೊಡುತ್ತದೆ. ಅಂದರೆ ಎಂಟನೇ ಕ್ಲಾಸಿನವರೆಗೆ. ಎಸ್ಸೆಸ್ಸೆಲ್ಸಿ ಆಮೇಲೂ ಎರಡು ವರ್ಷ ದೂರ, ಅಲ್ವಾ?

ಇನ್ನು ಬೆಳೆಸುವ ರೀತಿ. ಅದು ಸುಮ್ನೆ ಟ್ಯೂಷನ್‌ಗೆ ಸೇರಿಸುವುದಲ್ಲ. ಅಕ್ಷರ ಬಾರದ ಅಮ್ಮನೂ ರೊಟ್ಟಿ ತಟ್ಟುತ್ತಾ "ಇವತ್ತು ಮಿಸ್ಸು ಏನು ಹೇಳಿಕೊಟ್ರು?" ಅಂತ ಕೇಳಿದರೆ ಮಗು ಪಾಠವನ್ನು ಇನ್ನೊಮ್ಮೆ ನೆನಪಿಸಿಕೊಳ್ಳುತ್ತದೆ. ದಿನಾ ಕುಡಿತ, ಜಗಳ ಇರುವ ಮನೆಯಲ್ಲಿ ದುಡ್ಡಿದ್ದರೂ ಮಗುವಿನ ಗಮನ ಪುಸ್ತಕದ ಮೇಲೆ ನಿಲ್ಲುವುದು ಕಷ್ಟ.