ಅಡಿಕೆ ಮಂಡಿಯ ಕೆಲಸದಲ್ಲಿ ಇಂಗ್ಲಿಷ್ ಈಮೇಲ್ ಬರೆಯುವುದನ್ನು ಕಲಿಯುವುದು ಹೇಗೆ?

ತಾವು ಬಿ.ಕಾಂ. ಮುಗಿಸಿ ಶಿವಮೊಗ್ಗದ ಅಡಿಕೆ ಮಂಡಿಯೊಂದಕ್ಕೆ ಸೇರಿರುವುದಾಗಿಯೂ, ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದ ಉತ್ತರ ಭಾರತದ ಖರೀದಿದಾರರಿಗೆ ಇಂಗ್ಲಿಷ್‌ನಲ್ಲಿ ಬರೆಯಲು ಅಂಜಿಕೆಯಾಗುತ್ತದೆಂದೂ ತಿಳಿಸಿ, ವ್ಯಾಕರಣದಿಂದಲೇ ಆರಂಭಿಸಬೇಕೇ ಎಂದು ಕೇಳಿದ್ದೀರಿ. ಇದೇ ಊರಿನಲ್ಲಿ ಇಂಥದೇ ಪತ್ರವ್ಯವಹಾರ ನೋಡಿಕೊಳ್ಳುವವನಾಗಿ ಹೇಳುವುದಾದರೆ, ವ್ಯಾಕರಣ ಎರಡನೆಯ ಮಾತು. ಪತ್ರ ಓದಿದವರು ಏನು ಮಾಡಬೇಕು, ಯಾವ ದಿನದೊಳಗೆ ಮಾಡಬೇಕು ಎಂಬುದನ್ನು ಮೊದಲು ಕನ್ನಡದಲ್ಲಿಯೇ ಒಂದು ಸಾಲಿನಲ್ಲಿ ಬರೆದುಕೊಳ್ಳಿ.

ಮಲೆನಾಡಿನವರಾದ ನಮಗೆ ಇಲ್ಲಿಯೇ ತೊಡಕು. ಬಾಕಿ ಹಣ ಕೇಳಲು ಹೋದರೂ ಮಳೆ, ತೋಟ, ಕೊಳೆರೋಗ, ಮನೆಯವರ ಆರೋಗ್ಯ ಎಲ್ಲವನ್ನೂ ವಿಚಾರಿಸಿ, ಎದ್ದು ಹೊರಡುವಾಗ ಹಣದ ಮಾತು ತೆಗೆಯುತ್ತೇವೆ. ಎದುರುಬದುರು ಕುಳಿತವರ ನಡುವೆ ಅದು ಸಭ್ಯತೆಯೇ ಹೌದು. ಆದರೆ ಕಾನ್ಪುರದಲ್ಲಿ ಕುಳಿತು ಮೊಬೈಲಿನಲ್ಲಿ ಓದುವವರು ಕೊನೆಯ ಸಾಲಿನವರೆಗೆ ಬರುತ್ತಾರೆಂಬ ಭರವಸೆಯಿಲ್ಲ. ಕೇಳಬೇಕಾದದ್ದನ್ನು ಮೊದಲ ಎರಡು ವಾಕ್ಯಗಳಲ್ಲಿಯೇ ಕೇಳಿ. ಒಂದು ‘ಪ್ಲೀಸ್’ ಇದ್ದರೆ ಅದು ಒರಟೆನಿಸುವುದಿಲ್ಲ. ‘ಡು ದಿ ನೀಡ್‌ಫುಲ್’ ಎಂಬ ನಮ್ಮ ಕಚೇರಿಗಳ ಅಚ್ಚುಮೆಚ್ಚಿನ ಮಾತನ್ನು ಮಾತ್ರ ಬಿಟ್ಟುಬಿಡಿ. ಏನು ಮಾಡಬೇಕೆಂಬುದನ್ನೇ ಅದು ಹೇಳುವುದಿಲ್ಲ.

ಸರ್ಕಾರಿ ಪತ್ರಗಳ ‘ವಿಷಯ’ ಮತ್ತು ‘ಉಲ್ಲೇಖ’ ತಮಗೆ ಪರಿಚಿತವಾಗಿರಬೇಕು. ಈಮೇಲಿನ ಸಬ್ಜೆಕ್ಟ್ ಸಾಲಿನಲ್ಲಿ ಅವೆರಡೂ ಸೇರಿರಲಿ. ಬರೀ ‘ಪೇಮೆಂಟ್’ ಎಂದೋ ‘ಅರ್ಜೆಂಟ್’ ಎಂದೋ ಬರೆಯುವ ಬದಲು ಬಿಲ್ ಸಂಖ್ಯೆ, ಅದರ ದಿನಾಂಕ, ಮಾಲು ಯಾವುದೆಂಬುದನ್ನು ಬರೆದರೆ, ಆರು ತಿಂಗಳ ನಂತರ ಹುಡುಕುವವರಿಗೂ ಅದು ಸಿಗುತ್ತದೆ. ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯಿರಿ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವುದರಿಂದ 03/04 ಎಂಬುದು ಅವರಿಗೆ ಮಾರ್ಚ್ 4, ನಮಗೆ ಏಪ್ರಿಲ್ 3.

ಅತಿ ಹೆಚ್ಚು ಎಚ್ಚರಿಕೆ ಬೇಕಾದದ್ದು ದರ ತಿಳಿಸುವ ಪತ್ರದಲ್ಲಿ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ದರ್ಜೆಗಳ ಹೆಸರುಗಳನ್ನು ಹಾಗೆಯೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಪ್ರಮಾಣ ಎಷ್ಟು, ಕ್ವಿಂಟಾಲಿಗೆ ದರ ಎಷ್ಟು, ಶೇ. 5ರ ಜಿಎಸ್‌ಟಿ ಅದರಲ್ಲಿ ಸೇರಿದೆಯೇ, ಲಾರಿ ಬಾಡಿಗೆ ಯಾರದು, ಈ ದರ ಯಾವ ದಿನ ಎಷ್ಟು ಗಂಟೆಯವರೆಗೆ ನಿಲ್ಲುತ್ತದೆ ಎಂಬ ಒಂದೊಂದನ್ನೂ ಸ್ಪಷ್ಟವಾಗಿ ನಮೂದಿಸಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಮಿನ ಪ್ರಕಾರ, ವಿದ್ಯುನ್ಮಾನ ರೂಪದಲ್ಲಿ ನಡೆದಿದೆ ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ತಾವು ಕಳುಹಿಸಿದ ದರವನ್ನು ಖರೀದಿದಾರರು ಈಮೇಲಿನಲ್ಲಿಯೇ ಷರತ್ತಿಲ್ಲದೆ ಒಪ್ಪಿಕೊಂಡರೆ ಮಂಡಿಯ ಮಾಲೀಕರು ಆ ಮಾತಿಗೆ ಕಟ್ಟುಬಿದ್ದಂತೆಯೇ. ದಿನವೂ ಏರಿಳಿಯುವ ಅಡಿಕೆ ಪೇಟೆಯಲ್ಲಿ ಗಡುವಿಲ್ಲದ ದರವನ್ನು ಬರೆಯಬಾರದು.

ಇನ್ನು ಸಂಬೋಧನೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ‘ಡಿಯರ್ ಸರ್ ಆರ್ ಮೇಡಂ’ ಎಂದು ಆರಂಭಿಸಿ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸುವುದು, ಹೆಸರು ಗೊತ್ತಿದ್ದರೆ ಅದನ್ನು ಬರೆದು ‘ಯುವರ್ಸ್ ಸಿನ್ಸಿಯರ್ಲಿ’ ಎನ್ನುವುದು ಮುದ್ರಿತ ಪತ್ರದ ವಾಡಿಕೆ. ಈಮೇಲಿಗೆ ‘ರಿಗಾರ್ಡ್ಸ್’ ಸಾಕು.

ಕಾಗುಣಿತವನ್ನು ಕಂಪ್ಯೂಟರ್ ತಿದ್ದುತ್ತದೆ, ಆದರೆ ತೂಕ, ದರ, ಬ್ಯಾಂಕ್ ಖಾತೆಯ ಸಂಖ್ಯೆ ಸರಿಯೇ ಎಂಬುದು ಅದಕ್ಕೆ ತಿಳಿಯದು. ಅವನ್ನು ಬಿಲ್ಲಿನೊಂದಿಗೆ ತಾವೇ ತಾಳೆ ನೋಡಿ, ಲಗತ್ತು ಸೇರಿದೆಯೇ ಎಂದು ಖಚಿತಪಡಿಸಿಕೊಂಡು, ಎಲ್ಲಕ್ಕಿಂತ ಕೊನೆಯಲ್ಲಿ ಪಡೆಯುವವರ ಈಮೇಲ್ ವಿಳಾಸ ತುಂಬಿರಿ.