ಬಾತುಕೋಳಿ ಮೊಟ್ಟೆ ಗಟ್ಟಿಯಾಗಿ ಬೇಯಲು ಎಷ್ಟು ನಿಮಿಷ ಬೇಕು? ಬಿಳಿ ರಬ್ಬರಿನಂತಾಗುತ್ತದೆ, ಸಿಪ್ಪೆಯೂ ಸರಿಯಾಗಿ ಬಿಡುವುದಿಲ್ಲ. ಏನು ಮಾಡಲಿ?

ಎರಡಕ್ಕೂ ಕಾರಣ ಬೇರೆ ಬೇರೆ. ಬಿಳಿ ರಬ್ಬರಾಗುವುದು ಜೋರು ಉರಿಯಿಂದ. ಸಿಪ್ಪೆ ಅಂಟುವುದು ಮೊಟ್ಟೆ ತೀರಾ ತಾಜಾ ಇರುವುದರಿಂದ, ಜೊತೆಗೆ ತಣ್ಣೀರಿನಲ್ಲಿಟ್ಟು ಒಲೆ ಹಚ್ಚುವುದರಿಂದ.

ಬಾತುಕೋಳಿ ಮೊಟ್ಟೆ ಸುಮಾರು 70 ಗ್ರಾಂ ತೂಗುತ್ತದೆ, ಕೋಳಿಮೊಟ್ಟೆಗಿಂತ ದಪ್ಪ ಚಿಪ್ಪು, ದೊಡ್ಡ ಹಳದಿ. ಹಾಗಾಗಿ ಕೋಳಿಮೊಟ್ಟೆಯ ಲೆಕ್ಕ ಇದಕ್ಕೆ ಸಾಲದು. ಮೊಟ್ಟೆ ಮುಳುಗಿ ಮೇಲೆ ಒಂದಂಗುಲ ನಿಲ್ಲುವಷ್ಟು ನೀರು ಕುದಿಸಿ, ಉರಿ ತಗ್ಗಿಸಿ, ಫ್ರಿಜ್‌ನಿಂದ ಅರ್ಧ ಗಂಟೆ ಮೊದಲೇ ತೆಗೆದಿಟ್ಟ ಮೊಟ್ಟೆಗಳನ್ನು ಸೌಟಿನಲ್ಲಿ ಮೆಲ್ಲಗೆ ಇಳಿಸಿ. ಮೊದಲ ಎರಡು ನಿಮಿಷ ನಿಧಾನಕ್ಕೆ ತಿರುಗಿಸುತ್ತಿದ್ದರೆ ಹಳದಿ ನಡುವೆ ಕೂರುತ್ತದೆ. ನೀರು ಸಣ್ಣಗೆ ಗುಳುಗುಳು ಎನ್ನುತ್ತಿದ್ದರೆ ಸಾಕು. ಮಂಗಳೂರು, ಕಾರವಾರದ ಕಡೆ 12 ನಿಮಿಷ, ಬೆಂಗಳೂರಿನಲ್ಲಿ 13, ಮಡಿಕೇರಿಯಲ್ಲಿ 14. ಎತ್ತರದಲ್ಲಿ ನೀರು 100 ಡಿಗ್ರಿಗಿಂತ ಕೆಳಗೇ ಕುದಿಯುತ್ತದೆ, ಬೆಂಗಳೂರಿನಲ್ಲಿ ಸುಮಾರು 97ಕ್ಕೆ.

ಆಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಅದೇ ಮುಖ್ಯ. ತಕ್ಷಣ ಐಸ್ ಹಾಕಿದ ನೀರಿಗೆ ಹಾಕಿ 10 ನಿಮಿಷ ಬಿಡಿ. ಇಲ್ಲದಿದ್ದರೆ ಒಳಗಿನ ಬಿಸಿಗೆ ಬೇಯುತ್ತಲೇ ಇರುತ್ತದೆ. ಬಿಳಿಯಲ್ಲಿರುವ ಗಂಧಕ ಹಳದಿಯ ಕಬ್ಬಿಣದೊಂದಿಗೆ ಸೇರಿ ಹಳದಿಯ ಸುತ್ತ ಹಸಿರು-ಬೂದು ಉಂಗುರವಾಗುತ್ತದೆ, ವಾಸನೆಯೂ ಬರುತ್ತದೆ. ತಿಂದರೆ ತೊಂದರೆಯಿಲ್ಲ, ರುಚಿ ಕೆಡುತ್ತದೆ ಅಷ್ಟೆ.

ಸುಲಿಯಲು ಅಗಲ ತುದಿಯಿಂದ ಶುರುಮಾಡಿ, ಅಲ್ಲಿ ಗಾಳಿಯ ಜಾಗ ಇರುತ್ತದೆ. ಬಾತುಕೋಳಿ ಮೊಟ್ಟೆಯ ಪೊರೆ ಗಟ್ಟಿ. ಅದನ್ನು ಹಿಡಿದು ನೀರೊಳಗೇ ಎಳೆದರೆ ಸಿಪ್ಪೆ ಜೊತೆಗೇ ಬರುತ್ತದೆ. ಇಟ್ಟು ಐದಾರು ದಿನವಾದ ಮೊಟ್ಟೆ ಸುಲಭವಾಗಿ ಬಿಡುತ್ತದೆ. ನೀರಿಗೆ ಉಪ್ಪು ಹಾಕಿದ ಮಾತ್ರಕ್ಕೆ ಸಿಪ್ಪೆ ಸುಲಭವಾಗಿ ಬಿಡುತ್ತದೆ ಎಂದೇನಿಲ್ಲ, ಬಿರುಕು ಬಿಟ್ಟಾಗ ಸೋರಿದ ಬಿಳಿ ಬೇಗ ಹೆಪ್ಪುಗಟ್ಟುತ್ತದೆ ಅಷ್ಟೆ.

ಇಡ್ಲಿ ಪಾತ್ರೆ ಇದ್ದರೆ ಹಬೆಯಲ್ಲೇ 15 ನಿಮಿಷ ಬೇಯಿಸಿ. ಮೊಟ್ಟೆಗಳು ಒಂದಕ್ಕೊಂದು ಬಡಿಯುವುದಿಲ್ಲ, ಒಡೆಯುವುದೂ ಕಡಿಮೆ. ಕುಕ್ಕರಿನ ವಿಸಿಲ್ ಬೇಡ.

ಬಾತುಗಳು ಕೆಸರಿನಲ್ಲೂ ಮೊಟ್ಟೆ ಇಡುವುದರಿಂದ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣು ಅಂಟುವ ಸಂಭವವಿದೆ. ಅರೆಬೆಂದದ್ದನ್ನು ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಕೊಡಬೇಡಿ. ಬೇಯಿಸುವ ಸ್ವಲ್ಪ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ, ತೊಳೆದಿಟ್ಟು ದಿನಗಟ್ಟಲೆ ಬಿಡಬೇಡಿ. ಸಾರಿಗೆ ಹಾಕುವುದಾದರೆ 10 ನಿಮಿಷ ಬೇಯಿಸಿ, ಸುಲಿದು, ನಾಲ್ಕು ಗೀಟು ಕೊಯ್ದು, ಆಮೇಲೆ ಮಸಾಲೆಯಲ್ಲೇ ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಿಸಿಕೊಳ್ಳಿ.