ಹಾಡು ಒಬ್ಬರದು, ವಾದ್ಯ ಹಲವರದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಹಾಡುವ ಯುವ ಕಲಾವಿದರು ವಾದ್ಯವೃಂದವನ್ನು ಜೊತೆಗಿಟ್ಟುಕೊಂಡು ಹೊರತರುತ್ತಿರುವ ಪಾಪ್ ಆಲ್ಬಂಗಳ ಬಗ್ಗೆ ನಮ್ಮ ಓದುಗರಿಗೆ ಇಷ್ಟೊಂದು ಕುತೂಹಲವಿರುವುದು ಸಂತೋಷದ ಸಂಗತಿ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಬಾರಿ ಇವಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಕಾಲೇಜಿನಲ್ಲಿ ಓದುತ್ತಿರುವ ನನ್ನ ಮಗಳು ಲೇವೇ ಎಂಬ ಗಾಯಕಿಯ ‘ಬಿವಿಚ್ಡ್’ ಆಲ್ಬಂ ಅನ್ನು ದಿನವಿಡೀ ಕೇಳುತ್ತಾಳೆ. ನನ್ನ ಕಿವಿಗೆ ಅದರ ಪಿಟೀಲುಗಳು ನಾವು ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಕೇಳುತ್ತಿದ್ದ ಸಿನಿಮಾ ಹಾಡುಗಳ ಪಿಟೀಲುಗಳಂತೆಯೇ ಕೇಳಿಸುತ್ತವೆ. ಇದರಲ್ಲಿ ಹೊಸತೇನಿದೆ?
— ಓದುಗರೊಬ್ಬರು, ಜಯನಗರ

ಉತ್ತರ: ನಿಮ್ಮ ಕಿವಿ ಗುರುತಿಸಿದ ನಂಟು ನಿಜವಾದದ್ದೇ. ಅಮೆರಿಕದ ಹಳೆಯ ಚಲನಚಿತ್ರಗಳ ಮತ್ತು ಜಾಝ್ ಗಾಯಕರ ಹಾಡುಗಳಲ್ಲಿದ್ದ ತಂತಿವಾದ್ಯಗಳ ಬಳಕೆ ನಮ್ಮ ಸಿನಿಮಾ ಸಂಗೀತಕ್ಕೂ ಬಹಳ ಹಿಂದೆಯೇ ಇಳಿದು ಬಂದಿತ್ತು. ಜಿ.ಕೆ. ವೆಂಕಟೇಶ್ ಅವರ ಮತ್ತು ರಾಜನ್–ನಾಗೇಂದ್ರ ಸಹೋದರರ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ಬರುವ ಪಿಟೀಲುಗಳ ಓಟವನ್ನು ನೆನಪಿಸಿಕೊಳ್ಳಿ. ಅದೇ ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದ ಇಳಯರಾಜ ಅವರು 1981ರ ‘ಗೀತಾ’ ಚಿತ್ರಕ್ಕೆ ಕೊಟ್ಟ ಸಂಗೀತದಲ್ಲಿ ಪಿಟೀಲುಗಳು ಹಾಡಿನ ಜೊತೆಗೆ ತಮ್ಮದೇ ಇನ್ನೊಂದು ಹಾಡನ್ನು ಹಾಡುತ್ತವೆ ಎನ್ನುವಷ್ಟು ಸ್ವತಂತ್ರವಾಗಿವೆ. ಹಾಗಾಗಿ ಕನ್ನಡದ ಕಿವಿಗೆ ಲೇವೇ ಅವರ ಆಲ್ಬಂ ಅಪರಿಚಿತವೆನಿಸದಿದ್ದರೆ ಅದು ಸಹಜ.

ಆದರೆ ಸಿನಿಮಾ ಹಾಡಿನಲ್ಲಿ ಸಾಹಿತ್ಯ ಒಬ್ಬರದು, ರಾಗ ಇನ್ನೊಬ್ಬರದು, ಕಂಠ ಮತ್ತೊಬ್ಬರದು, ಸನ್ನಿವೇಶ ನಿರ್ದೇಶಕರದು. ವಾದ್ಯವೃಂದ ಅಲ್ಲಿ ಕಥೆಗೆ ಉತ್ತರ ಹೇಳಬೇಕು, ನಾಯಕನ ಕುದುರೆಗೂ ನಾಯಕಿಯ ಕಣ್ಣೀರಿಗೂ ಹೊಂದಿಕೊಳ್ಳಬೇಕು. 1999ರಲ್ಲಿ ಹುಟ್ಟಿದ, ಐಸ್‌ಲ್ಯಾಂಡ್ ಮತ್ತು ಚೀನಾ ಎರಡೂ ಕಡೆಯ ಬೇರುಗಳಿರುವ ಲೇವೇ ಅವರ ಹಾಡುಗಳಲ್ಲಿ ಮಾತನಾಡುವವಳು ಒಬ್ಬ ಹುಡುಗಿ ಮಾತ್ರ. ಅವಳಿಗೆ ಪ್ರೀತಿಯಾಗಿದೆ, ಇಲ್ಲವೇ ಆಗಿಲ್ಲ, ಅಷ್ಟೇ ಕಥೆ. ಅವರು ಸ್ವತಃ ಚೆಲ್ಲೊ (ಪಿಟೀಲಿನ ಜಾತಿಯದೇ ಆದ, ದೊಡ್ಡ ಗಾತ್ರದ, ತಗ್ಗು ಸ್ವರದ ವಾದ್ಯ) ವಾದಕಿ, ತಾಯಿ ಪಿಟೀಲು ವಾದಕಿ, ಅವಳಿ ಸಹೋದರಿಯೂ ಪಿಟೀಲು ನುಡಿಸುತ್ತಾರೆ. ತಂತಿವಾದ್ಯ ಅವರಿಗೆ ಹೊರಗಿನಿಂದ ತಂದ ಅಲಂಕಾರವಾಗದೆ ಮನೆಯ ಮಾತಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು. 2023ರ ಸೆಪ್ಟೆಂಬರಿನಲ್ಲಿ ಬಂದ ‘ಬಿವಿಚ್ಡ್’ ಮರುವರ್ಷ ಸಾಂಪ್ರದಾಯಿಕ ಪಾಪ್ ಗಾಯನ ವಿಭಾಗದಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಅದರಲ್ಲಿರುವ ಹದಿನಾಲ್ಕು ಹಾಡುಗಳ ಪೈಕಿ ಎಲ್ಲದರಲ್ಲೂ ದೊಡ್ಡ ವಾದ್ಯವೃಂದವಿಲ್ಲ, ಕೆಲವದರಲ್ಲಷ್ಟೇ ಇದೆ ಎಂಬುದನ್ನು ಗಮನಿಸಿ. ಗಿಟಾರಿನ ಮೇಲೆ ಬ್ರೆಜಿಲ್‌ನ ಬೋಸಾ ನೋವಾ ನಡೆಯಲ್ಲಿ ಹಗುರವಾಗಿ ಸಾಗುವ ಹಾಡೂ ಅಲ್ಲಿದೆ. ಹಾಗಿರುವುದರಿಂದಲೇ ಪಿಟೀಲುಗಳು ತುಂಬಿ ಬಂದಾಗ ಅವುಗಳಿಗೆ ಬೆಲೆ ಬರುತ್ತದೆ. ಮಗಳ ಜೊತೆ ಕುಳಿತು ಒಮ್ಮೆ ಈ ಒಂದು ಅಂಶವನ್ನೇ, ಎಂದರೆ ಎಲ್ಲಿ ವಾದ್ಯಗಳು ಸುಮ್ಮನಿರುತ್ತವೆ ಎಂಬುದನ್ನೇ, ಕೇಳಿ ನೋಡಿರಿ.

ಪ್ರಶ್ನೆ: ನಾನು ಕನ್ನಡದಲ್ಲಿ ಹಾಡು ಬರೆದು ಗಿಟಾರ್ ಜೊತೆ ಹಾಡುತ್ತೇನೆ. ಒಂದು ಆಲ್ಬಂಗೆ ಸಾಕಾಗುವಷ್ಟು ಹಾಡುಗಳಿವೆ. ಪಿಟೀಲು, ಚೆಲ್ಲೊ ಎಲ್ಲ ಇರಬೇಕೆಂಬ ಆಸೆ. ಕೀಬೋರ್ಡಿನಲ್ಲಿ ಸ್ಟ್ರಿಂಗ್ಸ್ (ತಂತಿವಾದ್ಯಗಳ ಸದ್ದು) ಹಾಕಿಸಿ ನೋಡಿದೆ. ಹಾಡು ದೊಡ್ಡದಾಯಿತು, ಆದರೆ ಮಾತು ಮುಳುಗಿಹೋಯಿತು ಎಂದು ಸ್ನೇಹಿತರು ಹೇಳುತ್ತಾರೆ. ನಿಜವಾದ ವಾದಕರನ್ನು ಕರೆಸಿದರೆ ಸರಿಹೋಗುತ್ತದೆಯೇ? ಎಷ್ಟು ಜನ ಬೇಕು?
— ಯುವ ಗಾಯಕರೊಬ್ಬರು, ರಾಜಾಜಿನಗರ

ಉತ್ತರ: ಎಷ್ಟು ಜನ ಎಂಬ ಪ್ರಶ್ನೆಯನ್ನು ಸ್ವಲ್ಪ ಹಿಂದಕ್ಕಿಡಿ. ಮಾತು ಮುಳುಗಿದ್ದು ಏಕೆ ಎಂಬುದನ್ನು ಮೊದಲು ನೋಡೋಣ, ಏಕೆಂದರೆ ಆ ದೋಷವನ್ನು ತಿದ್ದದೆ ವಾದಕರನ್ನು ಕರೆಸಿದರೆ ಅದೇ ದೋಷ ಇನ್ನೂ ಹೆಚ್ಚು ಖರ್ಚಿನಲ್ಲಿ ಕೇಳಿಸುತ್ತದೆ.

ಕೀಬೋರ್ಡಿನಲ್ಲಿ ಸ್ಟ್ರಿಂಗ್ಸ್ ಹಾಕುವಾಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಗಿಟಾರ್ ಈಗಾಗಲೇ ನುಡಿಸುತ್ತಿರುವ ಕಾರ್ಡುಗಳನ್ನೇ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನೇ) ಉದ್ದುದ್ದ ಸ್ವರಗಳಾಗಿ ಪಲ್ಲವಿಯಿಂದ ಕೊನೆಯವರೆಗೂ ಒತ್ತಿ ಹಿಡಿಯುವುದು. ಚೆಲ್ಲೊದ ಮಂದ್ರ ಮತ್ತು ಮಧ್ಯದ ಸ್ವರಗಳು ಗಂಡು ಕಂಠವಿರುವ ಜಾಗದಲ್ಲೇ ಇರುತ್ತವೆ, ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಮತ್ತು ಪಿಟೀಲಿನ ಕೆಳಗಿನ ತಂತಿಗಳು ಹೆಣ್ಣು ಕಂಠದ ಜಾಗದಲ್ಲಿರುತ್ತವೆ. ಅದರ ಮೇಲೆ, ಪಿಟೀಲಿನ ಮೇಲುಸ್ವರಗಳ ಹೊಳಪು ನಮ್ಮ ಮಾತಿನ ಚ, ತ, ಶ ಮುಂತಾದ ವ್ಯಂಜನಗಳು ಸ್ಪಷ್ಟವಾಗುವ ಎರಡರಿಂದ ನಾಲ್ಕು ಸಾವಿರ ಹರ್ಟ್ಝ್ ವಲಯದಲ್ಲೇ ಬಂದು ಕೂರುತ್ತದೆ. ಮಿಕ್ಸಿಂಗಿನಲ್ಲಿ ಸದ್ದು ತಗ್ಗಿಸಿ ಸ್ವಲ್ಪ ಸರಿಮಾಡಬಹುದು, ನಿಜ. ಆದರೆ ಬರೆಯುವಾಗಲೇ ಜಾಗ ಬಿಡುವುದಕ್ಕೆ ಅದು ಸಮವಲ್ಲ.

ಕನ್ನಡದಲ್ಲಿ ಹಾಡುವವರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಪದಗಳು ಬಹುಪಾಲು ಸ್ವರಾಕ್ಷರದಲ್ಲೇ ಕೊನೆಗೊಳ್ಳುತ್ತವೆ, ಮತ್ತು ‘ನೆನಪು’, ‘ಮನಸು’, ‘ಮಳೆ’ಯಂಥ ಪದಗಳಲ್ಲಿ ಆ ಕೊನೆಯ ಸ್ವರಾಕ್ಷರ ಹ್ರಸ್ವ. ಅದನ್ನು ಗಾಯಕ ಎಳೆದರೆ ಪದ ಕೆಡುತ್ತದೆ, ‘ನೆನಪೂ’ ಎಂದಾಗುತ್ತದೆ. ಎಳೆಯದೆ ಬಿಟ್ಟರೆ ರಾಗದ ಸಾಲು ತುಂಡಾದಂತೆ ಕೇಳಿಸುತ್ತದೆ. ಇಲ್ಲಿಯೇ ಪಿಟೀಲಿಗೆ ಕೆಲಸವಿದೆ. ನೀವು ‘ನೆನಪು’ ಎಂದು ಚಿಕ್ಕದಾಗಿ ಮುಗಿಸಿದ ಸ್ವರವನ್ನೇ ಪಿಟೀಲು ಮೆಲ್ಲಗೆ ಹಿಡಿದುಕೊಂಡು ಮುಂದಿನ ಸಾಲಿನವರೆಗೆ ಒಯ್ಯಲಿ. ಹಾಗೆಯೇ ‘ಕಣ್ಣು’, ‘ಮಣ್ಣು’, ‘ಹತ್ತಿರ’ದಂಥ ಪದಗಳಲ್ಲಿ ಒತ್ತಕ್ಷರ ಬಂದಾಗ ಧ್ವನಿ ಕ್ಷಣಕಾಲ ಬಿಗಿಯಾಗುತ್ತದೆ. ಆ ಕ್ಷಣದಲ್ಲಿ ಬಿಲ್ಲು ಹೊಸ ಸ್ವರವನ್ನು ಜೋರಾಗಿ ಎತ್ತಿದರೆ ಒತ್ತು ಕಾಣೆಯಾಗಿ ಪದದ ಅರ್ಥವೇ ಮಸುಕಾಗುತ್ತದೆ. ಸುಗಮ ಸಂಗೀತದ ನಮ್ಮ ಹಿರಿಯರು ಕವಿಯ ಮಾತು ಕೇಳಲೇಬೇಕೆಂದು ಹಿಡಿದ ಹಟ ಈ ಹೊಸ ಪ್ರಕಾರಕ್ಕೆ ಹಳತಾಗಿಲ್ಲ. ನನ್ನ ದೃಷ್ಟಿಯಲ್ಲಿ ಕನ್ನಡದ ವಾದ್ಯವೃಂದ ಪಾಪ್ ಬೆಳೆಯಬೇಕಾದದ್ದು ಆ ಹಟದ ಮೇಲೆಯೇ.

ಆದ್ದರಿಂದ ಹೀಗೆ ಮಾಡಿ. ಕಂಠ ಮತ್ತು ಗಿಟಾರ್ ಮಾತ್ರ ಇರುವ ಟ್ರ್ಯಾಕ್ ಒಂದನ್ನು ಮೊಬೈಲಿನಲ್ಲೇ ಧ್ವನಿಮುದ್ರಿಸಿಕೊಂಡು, ಅದನ್ನು ಕೇಳುತ್ತ ಪಿಟೀಲಿನ ಸಾಲನ್ನು ನಿಮ್ಮ ಬಾಯಲ್ಲೇ ಹಾಡಿ ನೋಡಿ. ಬಾಯಲ್ಲಿ ಹಾಡಲು ಬಾರದ, ನೆನಪಿನಲ್ಲಿ ಉಳಿಯದ ಸಾಲು ನಾಲ್ಕು ಜನ ನುಡಿಸಿದರೂ ಉಳಿಯುವುದಿಲ್ಲ. ಮೊದಲ ಚರಣಕ್ಕೆ ಏನನ್ನೂ ಸೇರಿಸಬೇಡಿ. ಎರಡನೆಯದಕ್ಕೆ ಚೆಲ್ಲೊ ಒಂದೇ ಸಾಕೇ ಎಂದು ಕೇಳಿಕೊಳ್ಳಿ.

ಈಗ ಸಂಖ್ಯೆಗೆ ಬರೋಣ. 1965ರಲ್ಲಿ ಬೀಟಲ್ಸ್ ತಂಡ ‘ಯೆಸ್ಟರ್‌ಡೇ’ ಹಾಡನ್ನು ಧ್ವನಿಮುದ್ರಿಸಿದಾಗ ಅದರಲ್ಲಿದ್ದ ತಂತಿವಾದಕರು ನಾಲ್ವರು: ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ಮರುವರ್ಷದ ‘ಎಲಿನಾರ್ ರಿಗ್ಬಿ’ಗೆ ಎಂಟು ಜನ. ಅದರಲ್ಲಿ ಗಿಟಾರ್ ಇಲ್ಲ, ಡ್ರಮ್ ಇಲ್ಲ; ಮೈಕನ್ನು ವಾದ್ಯಗಳಿಗೆ ತೀರ ಹತ್ತಿರವಿಟ್ಟು, ಬಿಲ್ಲು ತಂತಿಯನ್ನು ಕಚ್ಚುವ ಸದ್ದನ್ನೇ ತಾಳವಾಗಿ ಬಳಸಿಕೊಂಡರು. ನಿಮ್ಮ ವಯಸ್ಸಿನವರಿಗೆ ಇನ್ನೂ ಹತ್ತಿರವಾಗಬಹುದಾದ ಉದಾಹರಣೆ ಇಂಗ್ಲೆಂಡಿನ ನಿಕ್ ಡ್ರೇಕ್ ಅವರದು. 1969ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಅವರ ಮೊದಲ ಆಲ್ಬಂ ಬಂತು. ನಿರ್ಮಾಪಕರು ಮೊದಲು ಗೊತ್ತುಮಾಡಿದ್ದ ಅನುಭವಿ ಅರೇಂಜರ್ (ಹಾಡಿಗೆ ವಾದ್ಯಗಳ ಭಾಗ ಬರೆಯುವವರು) ಬರೆದದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಸ್ವಭಾವದಲ್ಲಿ ಬಹಳ ಸಂಕೋಚದವರಾಗಿದ್ದರೂ ಈ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತು, ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಗೆಳೆಯ, ಸ್ಟುಡಿಯೊ ಅನುಭವವೇ ಇಲ್ಲದ ರಾಬರ್ಟ್ ಕರ್ಬಿ ಅವರನ್ನು ಕರೆತಂದರು. ಕರ್ಬಿ ಬರೆದ ಒಂದು ಹಾಡಿನಲ್ಲಿ ಗಿಟಾರನ್ನೇ ತೆಗೆದು, ಕಂಠವನ್ನು ತಂತಿವಾದ್ಯಗಳ ನಡುವೆ ಒಂಟಿಯಾಗಿ ಬಿಟ್ಟಿದ್ದಾರೆ. ಅದೇ ಆಲ್ಬಂನ ‘ರಿವರ್ ಮ್ಯಾನ್’ ಹಾಡಿಗೆ ಮಾತ್ರ ಹಿರಿಯರಾದ ಹ್ಯಾರಿ ರಾಬಿನ್ಸನ್ ಬರೆದರು. ಗಿಟಾರ್ ಅಲ್ಲಿ ಐದರ ಲೆಕ್ಕದಲ್ಲಿ, ನಮ್ಮ ಖಂಡ ನಡೆಯ ಕಿವಿಗೆ ಕೂಡಲೇ ಹಿಡಿಸುವಂತೆ, ಸುತ್ತುತ್ತಿರುತ್ತದೆ. ಪಿಟೀಲುಗಳು ಆ ಐದನ್ನು ಎಣಿಸುವ ಗೋಜಿಗೇ ಹೋಗದೆ ಅದರ ಮೇಲೆ ನಿಧಾನವಾಗಿ ಬಣ್ಣ ಬದಲಿಸುತ್ತವೆ. ಲಯವನ್ನು ಗಿಟಾರ್ ನೋಡಿಕೊಳ್ಳುತ್ತಿದೆ ಎಂಬ ನಂಬಿಕೆಯಿಂದ ಬರೆದ ಬರವಣಿಗೆ ಅದು. ನೀವು ಹೆಡ್‌ಫೋನ್ ಹಾಕಿಕೊಂಡು ಹಲವು ಬಾರಿ ಕೇಳಬೇಕಾದ ಹಾಡು.

ಹಾಗಾಗಿ ನನ್ನ ಸಲಹೆ ನಾಲ್ವರದು. ಅಷ್ಟೂ ಸಾಧ್ಯವಾಗದಿದ್ದರೆ ಕೀಬೋರ್ಡಿನ ಸ್ಟ್ರಿಂಗ್ಸ್ ಮೇಲೆ ಒಬ್ಬರೇ ಒಬ್ಬ ಒಳ್ಳೆಯ ಪಿಟೀಲು ವಾದಕರನ್ನು ನುಡಿಸಲು ಬಿಡಿ. ಸ್ಯಾಂಪಲ್‌ಗಳು, ಎಂದರೆ ಕೀಬೋರ್ಡಿನಲ್ಲಿ ಮೊದಲೇ ಮುದ್ರಿಸಿಟ್ಟ ವಾದ್ಯಧ್ವನಿಗಳು, ನಿಂತ ಸ್ವರದಲ್ಲಿ ಮೋಸ ಮಾಡಬಲ್ಲವು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಸಿಕ್ಕಿಬೀಳುತ್ತವೆ, ಅದರಲ್ಲೂ ಗಮಕವಿದ್ದರಂತೂ ತೀರ ಕೃತಕವಾಗಿ ಕೇಳಿಸುತ್ತವೆ. ಬೆಂಗಳೂರಿನಲ್ಲಿ ನಿಮಗೆ ಸುಲಭವಾಗಿ ಸಿಗುವ ವಾದಕರಲ್ಲಿ ಕರ್ನಾಟಕ ಸಂಗೀತ ಕಲಿತವರೇ ಹೆಚ್ಚು. ಅವರ ಪಿಟೀಲು ಸ–ಪ–ಸ–ಪ ಶ್ರುತಿಯಲ್ಲಿರುತ್ತದೆ, ಕುಳಿತು ನುಡಿಸುವ ಕ್ರಮ ಬೇರೆ, ಪಾಶ್ಚಾತ್ಯ ನೊಟೇಶನ್ ಓದುವ ಅಭ್ಯಾಸ ಎಲ್ಲರಿಗೂ ಇರುವುದಿಲ್ಲ. ಇದನ್ನು ಕೊರತೆಯೆಂದು ಎಣಿಸಬೇಡಿ. ಸ್ವರಗಳನ್ನು ಸರಿಗಮದಲ್ಲೇ ಬರೆದುಕೊಟ್ಟು, ಹಾಡಿ ತೋರಿಸಿ, ಗಮಕ ಎಲ್ಲಿ ಬೇಕು ಎಲ್ಲಿ ಬೇಡ ಎಂಬುದನ್ನು ಸೆಷನ್ನಿಗೆ ಮುಂಚೆಯೇ ಕೂತು ತೀರ್ಮಾನಿಸಿಕೊಳ್ಳಿ. ಲಂಡನ್ನಿನ ಯಾವ ವಾದ್ಯವೃಂದವೂ ಕೊಡಲಾಗದ ಧ್ವನಿಯೊಂದು ನಿಮ್ಮ ಆಲ್ಬಂಗೆ ಆ ದಾರಿಯಿಂದಲೇ ಬರಬಹುದು.

ಪ್ರಶ್ನೆ: ಲೇವೇ ಅವರ ಆಲ್ಬಂನಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಹೆಸರು ಕಂಡೆ. ನಮ್ಮ ಮೈಸೂರು ಮಹಾರಾಜರು ನೆರವು ಕೊಟ್ಟಿದ್ದ ವಾದ್ಯವೃಂದ ಇದೇನೇ?
— ನಿವೃತ್ತ ಅಧ್ಯಾಪಕರು, ಮಲ್ಲೇಶ್ವರ

ಉತ್ತರ: ಹೌದು, ಅದೇ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೃತಜ್ಞ. ‘ಬಿವಿಚ್ಡ್’ನ ‘ಕ್ಯಾಲಿಫೋರ್ನಿಯಾ ಆಂಡ್ ಮಿ’ ಹಾಡಿನಲ್ಲಿ ನುಡಿಸಿರುವವರು ಫಿಲ್‌ಹಾರ್ಮೋನಿಯಾದವರು. 2021ರಲ್ಲೂ ಅವರು ಲೇವೇ ಅವರ ಒಂದು ಬಿಡಿ ಹಾಡಿಗೆ ಜೊತೆಯಾಗಿದ್ದರು.

ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಈ ವಾದ್ಯವೃಂದವನ್ನು ಕಟ್ಟಿದಾಗ ಯುದ್ಧ ಮುಗಿದ ಬಡ ದಿನಗಳು. ಸ್ವತಃ ಪಿಯಾನೊ ಅಭ್ಯಾಸ ಮಾಡಿದ್ದ ಜಯಚಾಮರಾಜ ಒಡೆಯರ್ ಅವರು ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಅದರ ಸಂಗೀತ ಕಛೇರಿಗಳಿಗೆ ಹಣ ಒದಗಿಸಿದರು. ರಷ್ಯಾದ ಸಂಯೋಜಕ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೂ ಅವರದೇ ನೆರವು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ಸಂಯೋಜಕ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಇದೇ ವಾದ್ಯವೃಂದದಿಂದ. ಫುರ್ಟ್‌ವೆಂಗ್ಲರ್ ನಿರ್ದೇಶನ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯನ. ಆ ಪ್ರಥಮ ಪ್ರದರ್ಶನದ ಹಿಂದೆಯೂ ಒಡೆಯರ್ ಅವರ ಆರ್ಥಿಕ ಬೆಂಬಲವಿತ್ತು. ಒಂದೇ ಕಂಠ, ಅದರ ಸುತ್ತ ಪೂರ್ಣ ವಾದ್ಯವೃಂದ ಎಂಬ ಕಲ್ಪನೆಯ ಅತ್ಯುನ್ನತ ಸಾಧನೆಗಳಲ್ಲಿ ಆ ನಾಲ್ಕು ಹಾಡುಗಳನ್ನು ನಾನು ಎಣಿಸುತ್ತೇನೆ. ಇದೇ ಮಹಾರಾಜರು ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಕೃತಿಗಳನ್ನು ರಚಿಸಿದರೆಂಬುದನ್ನು ತಾವು ಬಲ್ಲಿರಿ. ಎರಡು ಸಂಗೀತಗಳನ್ನು ಒಟ್ಟಿಗೆ ಪ್ರೀತಿಸುವ ಕನ್ನಡದ ಹುಡುಗ ಹುಡುಗಿಯರಿಗೆ ಯಾರಾದರೂ ‘ಇದೆಲ್ಲ ನಮ್ಮದಲ್ಲ’ ಎಂದರೆ, ಈ ಇತಿಹಾಸವನ್ನು ಅವರ ಮುಂದಿಡಬಹುದು.

ಪ್ರಶ್ನೆ: ನಮ್ಮ ತಂಡದಲ್ಲಿ ಇಬ್ಬರು ಪಿಟೀಲು, ಒಬ್ಬರು ಚೆಲ್ಲೊ ನುಡಿಸುತ್ತಾರೆ. ಅಭ್ಯಾಸದ ಕೋಣೆಯಲ್ಲಿ ಇಂಪಾಗಿರುವುದು ವೇದಿಕೆಯ ಸ್ಪೀಕರಿನಲ್ಲಿ ಕರ್ಕಶವಾಗುತ್ತದೆ. ಏನು ಮಾಡಬೇಕು?
— ಓದುಗರೊಬ್ಬರು, ಬಸವನಗುಡಿ

ಉತ್ತರ: ವಾದ್ಯದ ಮೈಗೆ ಅಂಟಿಸುವ ಪಿಕಪ್ (ವಾದ್ಯದ ಕಂಪನವನ್ನು ನೇರವಾಗಿ ಹಿಡಿಯುವ ಸಾಧನ) ಬಳಸುತ್ತಿದ್ದರೆ ಕರ್ಕಶತೆಗೆ ಅದೇ ಮುಖ್ಯ ಕಾರಣವಿರಬಹುದು. ಅದರ ಬದಲು ವಾದ್ಯಕ್ಕೆ ಸಿಕ್ಕಿಸುವ ಸಣ್ಣ ಕ್ಲಿಪ್ ಮೈಕುಗಳನ್ನು ಬಳಸಿ ನೋಡಿ. ಆದರೆ ಅಂಥ ಮೈಕು ಪಕ್ಕದ ಡ್ರಮ್ಮಿನ ಸದ್ದನ್ನೂ ಹಿಡಿಯುತ್ತದೆ. ಆದ್ದರಿಂದ ತಂತಿವಾದಕರನ್ನು ಡ್ರಮ್ಮಿನಿಂದ ದೂರ ಕೂರಿಸಿ, ಡ್ರಮ್ ನುಡಿಸುವವರಿಗೆ ಕೋಲಿನ ಬದಲು ಬ್ರಷ್ ಹಿಡಿಯಲು ಹೇಳಿ, ಮತ್ತು ಸೌಂಡ್ ಚೆಕ್ ವೇಳೆ ಗಾಯಕರಿಗಿಂತ ಮೊದಲು ಚೆಲ್ಲೊವನ್ನು ಸರಿಮಾಡಿಸಿಕೊಳ್ಳಿ.